ಎರಡು ಲಿಪಿಗಳ ಕಲ್ಲು: ವ್ಯಾಲೆಟ್ಟಾದಲ್ಲಿ ಒಂದು ಹಗಲು

ಸಿಸಿಲಿಯ ದಕ್ಷಿಣಕ್ಕೆ, ಮೆಡಿಟರೇನಿಯನ್ ಸಮುದ್ರದ ನಡುವೆ ಇರುವ ಮಾಲ್ಟಾ ದ್ವೀಪದ ರಾಜಧಾನಿ ವ್ಯಾಲೆಟ್ಟಾ. ವಿಹಾರನೌಕೆಗಳು ಈ ಬಂದರಿನಲ್ಲಿ ತಂಗುವುದು ಸಾಮಾನ್ಯವಾಗಿ ಒಂದು ಹಗಲಿನ ಮಟ್ಟಿಗೆ ಮಾತ್ರ. ಬೆಳಿಗ್ಗೆ ಇಳಿದವರು ಸಂಜೆಯೊಳಗೆ ಹಡಗಿಗೆ ಮರಳಬೇಕು. ಆದುದರಿಂದ ಅವರು ನೋಡುವ ಸ್ಥಳಗಳು ಬಹುಮಟ್ಟಿಗೆ ಗೊತ್ತುಪಡಿಸಿದವು: ಎತ್ತರದ ಬರಾಕ್ಕಾ ಉದ್ಯಾನ, ಅದರ ಕೆಳಗಿನ ಕೊತ್ತಲದಲ್ಲಿ ಮಧ್ಯಾಹ್ನ 12 ಗಂಟೆಗೆ ಹಾರಿಸುವ ತೋಪು, ಸಂತ ಜಾನರ ದೇಗುಲದಲ್ಲಿ ಕಾರಾವಾಜಿಯೊ 1608ರಲ್ಲಿ ರಚಿಸಿದ ಮಹಾಚಿತ್ರ, ಬಸ್ಸಿನಲ್ಲಿ ಹೋಗಿಬರುವ ಹಳೆಯ ರಾಜಧಾನಿ ಮ್ದೀನಾ. ಇವೆಲ್ಲವೂ ನೋಡತಕ್ಕವೇ. ಆದರೆ ಬರಹದ ಚರಿತ್ರೆಯಲ್ಲಿ ಆಸಕ್ತಿಯುಳ್ಳವರಿಗೆ ಈ ಊರಿನಲ್ಲಿ ಬೇರೊಂದು ದಾರಿಯಿದೆ. ಆ ದಾರಿಯಲ್ಲಿ ಜನಸಂದಣಿ ಇಲ್ಲ.

ಧಾರವಾಡದಲ್ಲಿ ಹಳಗನ್ನಡ ಮತ್ತು ಶಾಸನಗಳನ್ನು ಬಹುಕಾಲ ಬೋಧಿಸಿ ನಿವೃತ್ತರಾದ ಪ್ರಾಧ್ಯಾಪಕರೊಬ್ಬರು ಆ ದಾರಿಯನ್ನು ಹಿಡಿದರು. ಎಪ್ಪತ್ತು ತುಂಬಿದ ತಂದೆಗೆ ಮ್ಯೂನಿಕ್‌ನಲ್ಲಿ ನೆಲೆಸಿರುವ ಮಗಳು ನೀಡಿದ ಕಾಣಿಕೆ ಈ ನೌಕಾಯಾನ. ಮಗಳೂ ಅಳಿಯನೂ ಮ್ದೀನಾದ ಬಸ್ಸು ಹತ್ತಿದರು. ಬಸ್ಸಿನಲ್ಲಿ ಕುಳಿತರೆ ಹೊಟ್ಟೆ ತೊಳಸುತ್ತದೆಂದು ಹನ್ನೆರಡು ವರ್ಷದ ಮೊಮ್ಮಗನು ಅಜ್ಜನೊಡನೆ ಉಳಿದನು. ಇಬ್ಬರಲ್ಲಿಯೂ ಅದರಿಂದ ಹೆಚ್ಚಿನ ಉತ್ಸಾಹವೇನೂ ಉಂಟಾಗಲಿಲ್ಲ. ಅದಕ್ಕೆ ಕಾರಣವೊಂದಿತ್ತು. ನಾಲ್ಕು ತಿಂಗಳ ಹಿಂದೆ, ಅಜ್ಜನ ಹುಟ್ಟುಹಬ್ಬದಂದು, ಹುಡುಗನು ಒಂದು ಪುಟದ ಕಾಗದ ಬರೆದಿದ್ದನು. ಮಾತು ಅಚ್ಚ ಧಾರವಾಡದ್ದು. ಅಕ್ಷರಗಳು ಮಾತ್ರ ಇಂಗ್ಲಿಷಿನವು. ಪ್ರಾಧ್ಯಾಪಕರು ಉತ್ತರವಾಗಿ ಒಂದೇ ಸಾಲು ಬರೆದರು: “ಕನ್ನಡ ಅಕ್ಷರದಾಗ ಬರದು ಕಳಸು, ಆಮ್ಯಾಲೆ ಓದತೀನಿ.” ಅಲ್ಲಿಂದ ಮುಂದೆ ಹುಡುಗನಿಂದ ಕಾಗದ ಬರಲಿಲ್ಲ. ಹಡಗಿನಲ್ಲಿಯೂ ಅವನು ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದನೇ ಹೊರತು ತಾನಾಗಿ ಮಾತನಾಡುತ್ತಿರಲಿಲ್ಲ.

ಹಡಗುಕಟ್ಟೆಯಿಂದ ಊರು ಬಹಳ ಎತ್ತರದಲ್ಲಿದೆ. 2012ರಲ್ಲಿ ತೆರೆದ, 58 ಮೀಟರ್ ಎತ್ತರದ ಲಿಫ್ಟು ಕೋಟೆಯ ಕಂದಕದಿಂದ ನೇರವಾಗಿ ಬರಾಕ್ಕಾ ಉದ್ಯಾನಕ್ಕೆ ಒಯ್ಯುತ್ತದೆ. ಅಲ್ಲಿಂದ ಸ್ವಲ್ಪವೇ ನಡೆದರೆ ರಿಪಬ್ಲಿಕ್ ಬೀದಿ. 1565ರ ತುರ್ಕರ ಮುತ್ತಿಗೆಯನ್ನು ಹಿಮ್ಮೆಟ್ಟಿಸಿದ ಸಂತ ಜಾನರ ಯೋಧಸಂಘವು ಮರುವರ್ಷವೇ ಈ ನಗರಕ್ಕೆ ಅಡಿಗಲ್ಲು ಹಾಕಿತು. ಆ ಸಂಘದವರನ್ನು ಅವರ ನಾಡುಗಳಿಗೆ ಅನುಸಾರವಾಗಿ ಎಂಟು ವಿಭಾಗ ಮಾಡಲಾಗಿತ್ತು. ಒಂದೊಂದು ವಿಭಾಗಕ್ಕೂ ಅವರು ಇಟ್ಟ ಹೆಸರು ‘ನಾಲಗೆ’. ಪ್ರೊವಾನ್ಸ್ ನಾಲಗೆಯವರ ವಸತಿಗೃಹವಾಗಿದ್ದ ಕಟ್ಟಡವೇ ಇಂದಿನ ರಾಷ್ಟ್ರೀಯ ಪುರಾತತ್ತ್ವ ಸಂಗ್ರಹಾಲಯ. ಹಾಲ್ ಸಾಫ್ಲಿಯೇನಿಯ ನೆಲಮಾಳಿಗೆಯಲ್ಲಿ ದೊರೆತ, ಅಂಗೈಯಲ್ಲಿ ಹಿಡಿಯಬಹುದಾದಷ್ಟು ಚಿಕ್ಕದಾದ ‘ಮಲಗಿದ ಸ್ತ್ರೀ’ಯ ಶಿಲ್ಪವನ್ನು ನೋಡಲು ಬರುವವರು ಅದನ್ನು ನೋಡಿ ಹೊರಟುಹೋಗುತ್ತಾರೆ. ಪ್ರಾಧ್ಯಾಪಕರು ಬಂದದ್ದು ಒಂದು ಕಲ್ಲಿಗಾಗಿ.

ಅದು ಬಿಳಿಯ ಅಮೃತಶಿಲೆಯ ಚಿಕ್ಕ ಸ್ತಂಭ. ಎತ್ತರ ಸುಮಾರು ಒಂದು ಮೀಟರ್. ಕೆಳಭಾಗದಲ್ಲಿ ಎಲೆಗಳ ಕೆತ್ತನೆ, ಅದರಡಿಯ ಪೀಠದಲ್ಲಿ ಬರಹ. ಕಾಲ ಕ್ರಿಸ್ತಪೂರ್ವ 2ನೆಯ ಶತಮಾನ. ಮೊದಲಿಗೆ ಫಿನೀಶಿಯನ್ ಭಾಷೆಯ ನಾಲ್ಕು ಸಾಲು, ಕೆಳಗೆ ಗ್ರೀಕಿನ ಮೂರು ಸಾಲು. ಟೈರ್ ನಗರದ ಅಧಿದೇವತೆಯಾದ ಮೆಲ್ಕಾರ್ತನಿಗೆ ಸೋದರರಿಬ್ಬರು ಸಲ್ಲಿಸಿದ ಹರಕೆಯ ಕಾಣಿಕೆ ಇದು. ಇಂಥ ಜೋಡಿ ಕಲ್ಲುಗಳಿದ್ದವು. ಇನ್ನೊಂದನ್ನು ಯೋಧಸಂಘದ ಮುಖ್ಯಸ್ಥನು 1782ರಲ್ಲಿ ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಗೆ ಉಡುಗೊರೆಯಾಗಿ ಕಳುಹಿಸಿದನು. ಅದು ಈಗ ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ.

ಈ ಕಲ್ಲಿನ ಮಹತ್ತ್ವ ಅದರ ಭಕ್ತಿಯಲ್ಲಿ ಮಾತ್ರವಲ್ಲ, ಅದರ ದ್ವಿಭಾಷಿಕತೆಯಲ್ಲಿದೆ. ಗ್ರೀಕ್ ಲಿಪಿಯೂ ಅದರ ಮೂಲಕ ಲ್ಯಾಟಿನ್ ಲಿಪಿಯೂ ಹುಟ್ಟಿದ್ದು ಫಿನೀಶಿಯನ್ ಅಕ್ಷರಗಳಿಂದ. ಆದರೆ ಮಕ್ಕಳು ಬಾಳಿದರು, ತಾಯಿ ಮರೆತುಹೋದಳು. ಶತಮಾನಗಳ ಕಾಲ ಆ 22 ಅಕ್ಷರಗಳನ್ನು ಓದಬಲ್ಲವರು ಯಾರೂ ಇರಲಿಲ್ಲ. 1758ರಲ್ಲಿ ಫ್ರೆಂಚ್ ವಿದ್ವಾಂಸ ಜಾನ್‌ಜಾಕ್ ಬಾರ್ತೆಲೆಮಿಯು ಈ ಕಲ್ಲುಗಳ ಗ್ರೀಕ್ ಪಾಠವನ್ನು ಆಧಾರವಾಗಿಟ್ಟುಕೊಂಡು, ಹೀಬ್ರೂ ಮೊದಲಾದ ಸೋದರ ಭಾಷೆಗಳ ನೆರವಿನಿಂದ ಮೇಲಿನ ಸಾಲುಗಳನ್ನು ಬಿಡಿಸಿ ಓದಿದನು. ತಿಳಿದ ಲಿಪಿ ತಿಳಿಯದ ಲಿಪಿಗೆ ಕೈಹಿಡಿದು ದಾರಿ ತೋರಿತು.

ಪ್ರಾಧ್ಯಾಪಕರು ಇದನ್ನೆಲ್ಲ ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದರು. ಆ ಪಾಠದಲ್ಲಿ ಅವರು ತಪ್ಪದೆ ನೆನೆಯುತ್ತಿದ್ದದ್ದು ಶ್ರವಣಬೆಳಗೊಳವನ್ನು. ಗೊಮ್ಮಟನ ಪಾದಗಳ ಎಡಬಲಗಳಲ್ಲಿ, ಚಾವುಂಡರಾಯನು ಮೂರ್ತಿಯನ್ನು ಮಾಡಿಸಿದನೆಂಬ ಒಂದೇ ಸಂಗತಿ ಕನ್ನಡದಲ್ಲಿದೆ, ತಮಿಳಿನಲ್ಲಿದೆ, ನಾಗರಿ ಲಿಪಿಯ ಮೂರನೆಯ ನುಡಿಯೊಂದರಲ್ಲಿಯೂ ಇದೆ. ಆ ಮೂರನೆಯದನ್ನು ಮರಾಠಿಯೆಂದು ಕೆಲವರೂ ಕೊಂಕಣಿಯೆಂದು ಕೆಲವರೂ ವಾದಿಸುತ್ತಾರೆ. ಬಂದ ಯಾತ್ರಿಕನು ಯಾವ ನಾಡಿನವನಾದರೂ ತನ್ನ ಅಕ್ಷರವನ್ನು ಅಲ್ಲಿ ಕಾಣಲಿ ಎಂಬ ಉದಾರಭಾವ ಅಲ್ಲಿದೆಯೆಂದು ಅವರು ವಿದ್ಯಾರ್ಥಿಗಳಿಗೆ ವಿವರಿಸುತ್ತಿದ್ದರು. ವ್ಯಾಲೆಟ್ಟಾದ ಕಲ್ಲಿನ ಮುಂದೆ ನಿಂತಾಗ ಆ ಮಾತು ಅವರಿಗೆ ತಮ್ಮನ್ನೇ ಕುರಿತು ಆಡಿದಂತೆ ಕೇಳಿಸಿತು.

ಹುಡುಗನು ಗೋಡೆಯ ವಿವರಣೆಯನ್ನು ಓದಿ ತಾನಾಗಿಯೇ ಕೇಳಿದನು: “ಅಜ್ಜಾ, ಮ್ಯಾಲಿನ ಹೆಸರು ಬ್ಯಾರೆ, ಕೆಳಗಿನ ಹೆಸರು ಬ್ಯಾರೆ ಅದಾವ. ಇವರು ನಾಕು ಮಂದಿ ಏನು?”

ನಾಲ್ವರಲ್ಲ, ಇಬ್ಬರೇ. ಫಿನೀಶಿಯನ್ ಸಾಲುಗಳಲ್ಲಿ ಆ ಸೋದರರು ಅಬ್ದೊಸಿರ್ ಮತ್ತು ಒಸಿರ್‌ಶಮರ್. ಗ್ರೀಕಿನಲ್ಲಿ ಅವರೇ ಡಯೊನೀಸಿಯೊಸ್ ಮತ್ತು ಸರಪಿಯೋನ್. ಅಬ್ದೊಸಿರ್ ಎಂದರೆ ಒಸಿರಿಸ್ ದೇವರ ಸೇವಕ. ಆ ಈಜಿಪ್ಟಿನ ದೇವರನ್ನು ಗ್ರೀಕರು ತಮ್ಮ ಡಯೊನೀಸಸ್‌ನೊಡನೆ ಸಮೀಕರಿಸಿದ್ದರಿಂದ ಅವನು ಗ್ರೀಕರ ನಡುವೆ ಡಯೊನೀಸಿಯೊಸ್ ಆದನು. ದೇವರೂ ಹಾಗೆಯೇ: ಮೇಲೆ ಮೆಲ್ಕಾರ್ತ್, ಕೆಳಗೆ ಹೆರಾಕ್ಲೀಸ್. ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನನ್ನಂಗ,” ಎಂದನು. ಅವನಿಗೂ ಶಾಲೆಯಲ್ಲಿ ಜರ್ಮನ್ ಬಾಯಿಗೆ ಒಗ್ಗುವ ಒಂದು ಹೆಸರು, ಮನೆಯಲ್ಲಿ ಇನ್ನೊಂದು.

ಸಂಗ್ರಹಾಲಯದಿಂದ ಹೊರಬಿದ್ದವರು ಬೀದಿಯ ಹೆಸರುಗಳನ್ನು ಓದುತ್ತ ನಡೆಯಬೇಕು. ಇದಕ್ಕೆ ಟಿಕೇಟು ಬೇಕಿಲ್ಲ. ಮಾಲ್ಟಾದ ಜನರ ನುಡಿ ಮಾಲ್ಟೀಸ್. ಅರಬರ ಆಳ್ವಿಕೆಯ ಕಾಲದಲ್ಲಿ ಸಿಸಿಲಿಯ ಅರಬ್ಬಿಯಿಂದ ಬೇರೂರಿ, ಇಟಾಲಿಯನ್ ಭಾಷೆಗಳ ಶಬ್ದಸಂಪತ್ತನ್ನು ಹೀರಿಕೊಂಡು ಬೆಳೆದ ಭಾಷೆ. ಪುಸ್ತಕಕ್ಕೆ ಇಲ್ಲಿ ‘ಕ್ತೀಬ್’, ಲೋಕಕ್ಕೆ ‘ದಿನ್ಯಾ’, ಸುದ್ದಿಗೆ ‘ಅಹ್ಬಾರ್’. ಕಿತಾಬು, ದುನಿಯಾ, ಖಬರುಗಳನ್ನು ದಿನವೂ ಆಡುವ ಧಾರವಾಡದವರಿಗೆ ಇವು ಹೊಸತಲ್ಲ. ಇಲ್ಲಿಯವರು ಕ್ಯಾಥೊಲಿಕ್ ಕ್ರೈಸ್ತರು. ಆದರೂ ದೇವರನ್ನು ಕರೆಯುವುದು ‘ಅಲ್ಲಾ’ ಎಂದು, ಈಸ್ಟರಿಗೆ ಮುಂಚಿನ ಉಪವಾಸದ ದಿನಗಳನ್ನು ಕರೆಯುವುದು ‘ರಂದಾನ್’ ಎಂದು. ಆದರೆ ಈ ಅರಬ್ಬೀ ಮೂಲದ ನುಡಿಯನ್ನು ಬರೆಯುವುದು ಲ್ಯಾಟಿನ್ ಲಿಪಿಯಲ್ಲಿ. ನುಡಿ ಒಂದು ಕುಲದ್ದು, ಲಿಪಿ ಇನ್ನೊಂದು ಕುಲದ್ದು.

ಅದೇ ಬೀದಿಯ ಚೌಕದಲ್ಲಿ, ವಿಕ್ಟೋರಿಯಾ ರಾಣಿಯ ಪ್ರತಿಮೆಯ ಹಿಂದೆ, ರಾಷ್ಟ್ರೀಯ ಗ್ರಂಥಾಲಯವಿದೆ. ಪ್ರತಿಮೆಯ ಸುತ್ತ ಕಾಫಿ ಕುಡಿಯುವವರಲ್ಲಿ ಹಿಂದಿನ ಬಾಗಿಲನ್ನು ಗಮನಿಸುವವರು ಕಡಿಮೆ. ಯೋಧಸಂಘದ ದಾಖಲೆಗಳು ಅಲ್ಲಿವೆ. ವರ್ಷಕ್ಕೊಂದು ಡೇಗೆಯನ್ನು ಕಪ್ಪವಾಗಿ ಕೊಡಬೇಕೆಂಬ ಕರಾರಿನ ಮೇಲೆ ಚಕ್ರವರ್ತಿ ಐದನೆಯ ಚಾರ್ಲ್ಸನು 1530ರಲ್ಲಿ ದ್ವೀಪವನ್ನು ಸಂಘಕ್ಕೆ ಬರೆದುಕೊಟ್ಟ ಪತ್ರವೂ ಅದರಲ್ಲಿ ಸೇರಿದೆ. ಅಲ್ಲಿಂದ ಕೆಲವೇ ಬೀದಿಗಳಾಚೆ, ಸಂತ ಕ್ರಿಸ್ಟೊಫರನ ಬೀದಿಯಲ್ಲಿ, ಕರಾರುಪತ್ರ ಬರೆಯುವ ನೋಟರಿಗಳ ದಾಖಲಾಗಾರ. ಆರು ಶತಮಾನಗಳ ಕ್ರಯಪತ್ರ, ಮದುವೆಯ ಒಪ್ಪಂದ, ಮರಣಶಾಸನಗಳ ರಾಶಿ ಅಲ್ಲಿದೆ. ಈ ನೋಟರಿ ಕಡತಗಳೊಂದರಲ್ಲಿ 1966ರಲ್ಲಿ ವಿದ್ವಾಂಸರಾದ ಗಾಡ್‌ಫ್ರಿ ವೆಟ್ಟಿಂಗರ್ ಮತ್ತು ಮಿಕೀಲ್ ಫ್ಸಾದ್ನಿ ಅವರಿಗೆ ಇಪ್ಪತ್ತು ಸಾಲುಗಳ ಪದ್ಯವೊಂದು ದೊರೆಯಿತು. 15ನೆಯ ಶತಮಾನದ ಪಿಯೆಟ್ರು ಕಷಾರೊ ಎಂಬವನ ‘ಕಾಂತಿಲೇನಾ’ ಅದು. ಮಾಲ್ಟೀಸ್ ಭಾಷೆಯಲ್ಲಿ ದೊರೆತ ಅತಿ ಪ್ರಾಚೀನ ಸಾಹಿತ್ಯಕೃತಿ. ಅವನ ಬಂಧುವಾದ ನೋಟರಿಯೊಬ್ಬನು ಕಡತದಲ್ಲಿ ಬರೆದಿಟ್ಟಿದ್ದರಿಂದ ಉಳಿಯಿತು. ಬಂಡೆಯಿದೆಯೆಂದು ನಂಬಿ ಕಟ್ಟಿದ ಮನೆ, ಅಡಿಯಲ್ಲಿ ಜೇಡಿಮಣ್ಣಿದ್ದುದರಿಂದ ಕುಸಿದುದನ್ನು ಅದು ಹೇಳುತ್ತದೆ. ಅದೂ ಲ್ಯಾಟಿನ್ ಅಕ್ಷರಗಳಲ್ಲಿಯೇ ಇದೆ. ಅಂದು ಯಾರಾದರೂ ಹಿರಿಯರು, ತಕ್ಕ ಲಿಪಿಯಲ್ಲಿ ಬರೆದು ತಂದರೆ ಮಾತ್ರ ಓದುವೆನೆಂದು ಹೇಳಿ ಆ ಹಾಳೆಯನ್ನು ಹಿಂದಿರುಗಿಸಿದ್ದರೆ, ಮಾಲ್ಟೀಸ್ ಸಾಹಿತ್ಯದ ಚರಿತ್ರೆ ಆ ಮೊದಲ ಪುಟವನ್ನೇ ಕಳೆದುಕೊಳ್ಳುತ್ತಿತ್ತು.

ಹಾಗೆಂದು ಪರರ ಲಿಪಿಯನ್ನು ಇದ್ದಕ್ಕಿದ್ದಂತೆ ತೊಡಿಸಿದರೆ ನುಡಿ ಅದರಲ್ಲಿ ಸುಖವಾಗಿರುತ್ತದೆಂದು ತಿಳಿಯಬೇಕಾಗಿಲ್ಲ. ಮಾಲ್ಟೀಸಿನಲ್ಲಿ ಹಕಾರದ ಹತ್ತಿರದ ಧ್ವನಿಗಳಿಗೆ ಲ್ಯಾಟಿನ್ ಸಾಲದು. ಮಿಕೀಲ್ ಆಂಟೋನ್ ವಸ್ಸಲ್ಲಿಯು 1791ರಲ್ಲಿ ಪ್ರಕಟಿಸಿದ ವ್ಯಾಕರಣದಲ್ಲಿ ಹೊಸ ಚಿಹ್ನೆಗಳನ್ನು ಸೇರಿಸಿ ವರ್ಣಮಾಲೆಯನ್ನು ಕಟ್ಟಲು ಯತ್ನಿಸಿದನು. ರಾಜಕೀಯ ಕಾರಣಗಳಿಂದ ಗಡೀಪಾರಾಗಿ, 1820ರಲ್ಲಿ ಮರಳಿ, ವಿಶ್ವವಿದ್ಯಾನಿಲಯದಲ್ಲಿ ಮಾಲ್ಟೀಸಿನ ಮೊದಲ ಪ್ರಾಧ್ಯಾಪಕನಾದನು. ಅಡ್ಡಗೆರೆ ಎಳೆದ, ಮೇಲೆ ಚುಕ್ಕಿಯಿಟ್ಟ ಅಕ್ಷರಗಳನ್ನೊಳಗೊಂಡ ಇಂದಿನ ವರ್ಣಮಾಲೆಯನ್ನು ಲೇಖಕರ ಸಂಘವು 1924ರಲ್ಲಿ ಪ್ರಕಟಿಸಿತು. 1934ರಲ್ಲಿ ಭಾಷೆಗೆ ಅಧಿಕೃತ ಸ್ಥಾನ ದೊರೆಯಿತು. 2004ರಲ್ಲಿ ಅದು ಐರೋಪ್ಯ ಒಕ್ಕೂಟದ ಭಾಷೆಗಳಲ್ಲಿ ಒಂದಾಯಿತು. ಸಾಲ ತಂದ ಅಕ್ಷರವನ್ನು ತಮ್ಮ ಬಾಯಿಗೆ ಹೊಂದಿಸಿಕೊಳ್ಳಲು ಆ ಜನ ತಲೆಮಾರುಗಳನ್ನೇ ವ್ಯಯಿಸಿದರು.

ಮಧ್ಯಾಹ್ನದ ಬಳಿಕ ಅಜ್ಜ ಮೊಮ್ಮಗ ಲಿಫ್ಟಿನಲ್ಲಿ ಕೆಳಗಿಳಿದು ‘ದೈಸಾ’ ಎಂಬ ಬಣ್ಣದ ದೋಣಿಯಲ್ಲಿ ಬಂದರನ್ನು ದಾಟಿದರು. ಎದುರು ದಡದ ಸೆಂಗ್ಲಿಯಾದ ತುದಿಯಲ್ಲಿ ಕಾವಲುಗೂಡೊಂದಿದೆ. ಅದರ ಮೇಲೆ ಕಣ್ಣು, ಕಿವಿಗಳ ಕೆತ್ತನೆ. ಅದು ಚೆನ್ನಾಗಿ ಕಾಣುವುದು ನೀರಿನ ಮೇಲಿಂದಲೇ. ಪಕ್ಕದ ಬಿರ್ಗು ಪಟ್ಟಣದಲ್ಲಿ, 1574ರಿಂದ 1798ರವರೆಗೆ ಧರ್ಮವಿಚಾರಣೆ ನಡೆಸಿದ ಅಧಿಕಾರಿಗಳ ಅರಮನೆಯಿದೆ. ಅದರ ಸೆರೆಕೋಣೆಗಳ ಗೋಡೆಯ ಮೇಲೆ ಕೈದಿಗಳು ಕೆತ್ತಿದ ಗುರುತುಗಳು ಇಂದಿಗೂ ಇವೆ. ಮೃದುವಾದ ಸುಣ್ಣಕಲ್ಲು, ಕೈಗೆ ಸಿಕ್ಕಿದ ಯಾವ ಚೂಪಾದ ವಸ್ತುವೂ ಸಾಕು. ಅವನ್ನು ಕೆತ್ತಿದವರಲ್ಲಿ ಯಾರೂ ಲಿಪಿ ಸರಿಯಿದೆಯೇ ಎಂದು ಕೇಳಿಕೊಂಡಿರಲಾರರು. ತಾನು ಇಲ್ಲಿದ್ದೆನೆಂದು ಯಾರಿಗಾದರೂ ತಿಳಿಯಲಿ ಎಂಬುದಷ್ಟೇ ಅವರ ಬಯಕೆ.

ಬಿರ್ಗುವಿನ ದಡದಲ್ಲಿ ಹುಡುಗನು ಕಿತ್ತಳೆ ಹಣ್ಣಿನ ರಸ ಕುಡಿಯುತ್ತಿದ್ದಾಗ ಪ್ರಾಧ್ಯಾಪಕರು ಒಂದು ಚಿತ್ರದ ಅಂಚೆಕಾರ್ಡು ಕೊಂಡು, ಅವನಿಗೆ ಕಾಣದಂತೆ ಬರೆದರು. ಮೇಲೆ ಕನ್ನಡ ಲಿಪಿಯಲ್ಲಿ: “ನೀ ಬರದ ಕಾಗದ ಬಾಳ ಚಲೋ ಇತ್ತು. ಓದಿದ್ದೆ. ಅಜ್ಜ.” ಕೆಳಗೆ, ಅದೇ ಮಾತು, ಅವನ ಅಕ್ಷರಗಳಲ್ಲಿ. ಆ ಅಕ್ಷರಗಳಲ್ಲಿ ಕನ್ನಡವನ್ನು ಅವರು ಬರೆದದ್ದು ಅದೇ ಮೊದಲು. ಎರಡು ಕಡೆ ಹೊಡೆದು ತಿದ್ದಬೇಕಾಯಿತು. ಬ್ರಿಟಿಷರ ಕಾಲದ ಮಾದರಿಯ ಕೆಂಪು ಅಂಚೆಪೆಟ್ಟಿಗೆಗಳು ಮಾಲ್ಟಾದಲ್ಲಿ ಇನ್ನೂ ಇವೆ. ಅಂಥದೊಂದರಲ್ಲಿ ಅದನ್ನು ಮ್ಯೂನಿಕ್ ವಿಳಾಸಕ್ಕೆ ಹಾಕಿ, ಮತ್ತೆ ದೋಣಿ ಹತ್ತಿ, ಹಡಗು ಹೊರಡುವ ಮುನ್ನ ಇಬ್ಬರೂ ಹಿಂದಿರುಗಿದರು.

ಪ್ರಾಧ್ಯಾಪಕರು ಧಾರವಾಡಕ್ಕೆ ಮರಳಿದ ಕೆಲವು ದಿನಗಳ ಬಳಿಕ ಮೊಬೈಲಿಗೆ ಚಿತ್ರವೊಂದು ಬಂದಿತು. ಅದೇ ಅಂಚೆಕಾರ್ಡು. ಮೇಲಿನ ಸಾಲಿನ ಒಂದೊಂದು ಅಕ್ಷರದಿಂದಲೂ ಕೆಳಗಿನ ಸಾಲಿಗೆ ಪೆನ್ಸಿಲಿನ ಗೆರೆ ಎಳೆಯಲಾಗಿತ್ತು. ಜೊತೆಗೆ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಒಂದು ಪ್ರಶ್ನೆ: “ಅಜ್ಜಾ, ಬಾಳದಾಗಿನ ಲ, ಚಲೋದಾಗಿನ ಲ, ಕೆಳಗ ಎರಡೂ ಒಂದ ಅದಾವ. ಮ್ಯಾಲೆ ಯಾಕ ಬ್ಯಾರೆ ಬ್ಯಾರೆ?”

ಹುಟ್ಟಿದಾಗಿನಿಂದ ಆ ಎರಡು ಧ್ವನಿಗಳನ್ನು ಬಾಯಲ್ಲಿ ತಪ್ಪಿಲ್ಲದೆ ಬೇರೆಯಾಗಿ ನುಡಿಯುತ್ತಿದ್ದ ಹುಡುಗನಿಗೆ, ಅವು ಎರಡೆಂಬುದನ್ನು ಮೊದಲ ಬಾರಿ ತೋರಿಸಿಕೊಟ್ಟದ್ದು ಕನ್ನಡ ಲಿಪಿ. ಆ ಲಿಪಿಯವರೆಗೆ ಅವನನ್ನು ಕರೆತಂದದ್ದು ಇಂಗ್ಲಿಷಿನ ಅಕ್ಷರ. ಪ್ರಾಧ್ಯಾಪಕರು ಈ ಸಲ ಒಂದು ಸಾಲಿನ ಉತ್ತರ ಬರೆಯಲಿಲ್ಲ. ಹಾಳೆಯ ನಡುವೆ ಅಡ್ಡಗೆರೆಯೊಂದನ್ನು ಎಳೆದು, ಮೇಲೊಂದು ಲಿಪಿ ಕೆಳಗೊಂದು ಲಿಪಿಯಾಗಿ, ಲಕಾರ ಳಕಾರಗಳ ವಿಷಯವನ್ನು ಮೊದಲಿನಿಂದ ಹೇಳತೊಡಗಿದರು.