ಕತ್ತರಿಯೇ ಚಳಿಗಾಲ

ಕೈಗೆಟುಕದ ದ್ರಾಕ್ಷಿಯನ್ನು ಹುಳಿಯೆಂದು ಜರಿದು ಹೊರಟುಹೋದ ನರಿಯ ಕಥೆಯನ್ನು ಕೇಳದವರಾರು? ಅಂದಿನಿಂದ ಲೋಕವೆಲ್ಲ ಆ ನರಿಯನ್ನು ನೋಡಿ ನಕ್ಕಿದೆಯೇ ಹೊರತು, ದ್ರಾಕ್ಷಿ ನಿಜವಾಗಿಯೂ ಹುಳಿಯಾಗಿತ್ತೆ ಎಂದು ಯಾರೂ ವಿಚಾರಿಸಿಲ್ಲ. ಬಳ್ಳಿ ಯಾವ ಮಣ್ಣಿನಲ್ಲಿ ಬೇರೂರಿತ್ತು, ಅಲ್ಲಿಯ ರಾತ್ರಿಗಳು ಎಷ್ಟು ತಂಪಾಗಿದ್ದವು, ಯಾರು ಯಾವಾಗ ಅದಕ್ಕೆ ಕತ್ತರಿ ಹಾಕಿದ್ದರು ಎಂಬುದನ್ನು ತಿಳಿಯದೆ ತೀರ್ಪು ಕೊಡುವ ಅಧಿಕಾರ ನರಿಗೂ ಇಲ್ಲ, ನಗುವವರಿಗೂ ಇಲ್ಲ.

ಕಾವ್ಯದ ರಸವನ್ನು ಅಳೆಯಹೊರಟ ಪ್ರಾಚೀನ ಆಲಂಕಾರಿಕರು ದ್ರಾಕ್ಷಾಪಾಕ, ಕದಳೀಪಾಕ, ನಾರಿಕೇಳಪಾಕವೆಂದು ವಿಂಗಡಿಸಿದರು. ತೆಂಗಿನಕಾಯಿಯನ್ನು ಒಡೆಯಬೇಕು, ಬಾಳೆಯನ್ನು ಸುಲಿಯಬೇಕು. ದ್ರಾಕ್ಷಿಯೋ ಬಾಯಿಗಿಟ್ಟೊಡನೆಯೇ ರಸ. ಸವಿಯುವವನಿಗೆ ಶ್ರಮವಿಲ್ಲ ಎಂಬ ಕಾರಣಕ್ಕಾಗಿಯೇ ಅದಕ್ಕೆ ಆ ಗೌರವ. ಆದರೆ ಸವಿಯುವವನು ಪಡದ ಶ್ರಮವನ್ನೆಲ್ಲ ಬೆಳೆಯುವವನು ಮೊದಲೇ ಪಟ್ಟು ಮುಗಿಸಿರುತ್ತಾನೆ. ಇದನ್ನು ಕಣ್ಣಾರೆ ಕಾಣಬೇಕೆನ್ನುವವರು ಏಪ್ರಿಲ್ ತಿಂಗಳಿನಲ್ಲಿ ನಂದಿಬೆಟ್ಟದ ತಪ್ಪಲಿಗೆ ಹೋಗಬೇಕು.

ಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ 1478 ಮೀಟರ್ ಎತ್ತರದಲ್ಲಿದ್ದರೆ, ಸುತ್ತಲಿನ ಬಯಲು ಸುಮಾರು 900 ಮೀಟರ್ ಎತ್ತರದಲ್ಲಿದೆ. ಆ ಬಯಲೆಲ್ಲ ಗರಸು ಬೆರೆತ ಕೆಮ್ಮಣ್ಣು. ಬಿದ್ದ ಮಳೆ ಅದರಲ್ಲಿ ನಿಲ್ಲುವುದಿಲ್ಲ, ಸಾರವೂ ಅಷ್ಟಕ್ಕಷ್ಟೆ. ಬೇರೆ ಬೆಳೆಯಾದರೆ ರೈತ ಇದನ್ನು ದೋಷವೆಂದಾನು. ದ್ರಾಕ್ಷಿಯ ಸ್ವಭಾವವೇ ಬೇರೆ. ನೆಲ ಕೊಬ್ಬಿದ್ದು ನೀರು ಹೇರಳವಾಗಿದ್ದರೆ ಬಳ್ಳಿ ಎಲೆಯ ಮೇಲೆ ಎಲೆ ಹೊದೆದು ಮೆರೆಯುತ್ತದೆ, ಅದರ ನೆರಳಿನಲ್ಲಿ ಹಣ್ಣು ನೀರುನೀರಾಗುತ್ತದೆ. ನೆಲ ತುಸು ಜಿಪುಣನಾಗಿದ್ದರೆ ಬಳ್ಳಿ ಎಲೆಯ ಆಡಂಬರವನ್ನು ಬಿಟ್ಟು ಹಣ್ಣಿನ ಕಡೆ ಮನಸ್ಸು ಕೊಡುತ್ತದೆ.

ಎತ್ತರದ ಫಲವು ರಾತ್ರಿಯಲ್ಲಿ ತಿಳಿಯುತ್ತದೆ. ಹಗಲಿನ ಬಿಸಿಲು ಹಣ್ಣಿಗೆ ಸಕ್ಕರೆಯನ್ನು ತುಂಬುತ್ತದೆ. ರಾತ್ರಿಯೂ ಬಿಸಿಯಾಗಿಯೇ ಇದ್ದರೆ ಹಣ್ಣಿನೊಳಗಿನ ಹುಳಿ ಕರಗಿಹೋಗುತ್ತದೆ. ಸಿಹಿಯೊಂದೇ ಉಳಿದ ಹಣ್ಣಿನ ವೈನ್ ಬಹಳ ಸಪ್ಪೆ. ಚಳಿಗಾಲದ ನಂದಿಯ ರಾತ್ರಿಗಳು ಆ ಹುಳಿಯನ್ನು ಕಾಪಾಡುತ್ತವೆ, ಸಿಪ್ಪೆಗೆ ಬಣ್ಣವನ್ನೂ ಏರಿಸುತ್ತವೆ. ಇದೇ ಕರ್ನಾಟಕದ ವಿಜಯಪುರದಲ್ಲಿ ಉರಿಬಿಸಿಲೂ ಒಣಗಾಳಿಯೂ ದ್ರಾಕ್ಷಿಯನ್ನು ಒಣದ್ರಾಕ್ಷಿಯನ್ನಾಗಿ ಮಾಡಿ ಹೆಸರು ಗಳಿಸಿವೆ. ಹಣ್ಣು ಒಂದೇ ಕುಲದ್ದು. ಊರು ಅದರ ಹಣೆಬರಹವನ್ನು ಬರೆಯುತ್ತದೆ.

ಈ ಸೀಮೆಯ ಹಳೆಯ ನಿವಾಸಿ ‘ಬೆಂಗಳೂರು ನೀಲಿ’. ದಪ್ಪ ಸಿಪ್ಪೆ, ಒಳಗೆ ಬೀಜ, ದೂರದಿಂದಲೇ ಗುರುತು ಹಿಡಿಯಬಹುದಾದ ಕಂಪು. 2013ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಇದರ ಮೈಯಲ್ಲಿ ಅಮೆರಿಕದ ಕಾಡುದ್ರಾಕ್ಷಿಯ ರಕ್ತವಿದೆ. ಆ ಕಾಡುಬಳ್ಳಿಗೆ ಇಂಗ್ಲಿಷ್ ಮಾತನಾಡುವವರು ನರಿದ್ರಾಕ್ಷಿಯೆಂದೇ ಹೆಸರಿಟ್ಟಿದ್ದಾರೆ! ಕಥೆಯ ನರಿ ಇಲ್ಲಿಯೂ ಬೆನ್ನು ಬಿಡಲಿಲ್ಲ.

ಆದರೆ ಮಣ್ಣು, ಎತ್ತರ, ತಂಪು ಎಲ್ಲವೂ ಇದ್ದರೂ ನಂದಿಗೆ ಒಂದು ಕೊರತೆ ಇದೆ. ಇಲ್ಲಿ ನಿಜವಾದ ಚಳಿಗಾಲವೇ ಇಲ್ಲ. ಯೂರೋಪಿನ ಬಳ್ಳಿಗೆ ಚಳಿಯೇ ತಾಯಿ. ಹಿಮ ಬೀಳುವ ತಿಂಗಳುಗಳಲ್ಲಿ ಅದು ಎಲೆಯುದುರಿಸಿ ಮಲಗುತ್ತದೆ. ಮಲಗಿದಾಗ ಒಮ್ಮೆ ಕತ್ತರಿ ಹಾಕಿದರೆ ವಸಂತದಲ್ಲಿ ತಾನೇ ಎಚ್ಚರಗೊಂಡು ಚಿಗುರುತ್ತದೆ. ಭೂಮಧ್ಯರೇಖೆಯಿಂದ ಹದಿಮೂರು ಡಿಗ್ರಿಯಷ್ಟೇ ದೂರವಿರುವ ಇಲ್ಲಿ ಬಳ್ಳಿಗೆ ನಿದ್ರೆಯೆಂಬುದಿಲ್ಲ. ಬಿಟ್ಟರೆ ವರ್ಷವಿಡೀ ಹಬ್ಬುತ್ತಲೇ ಇರುತ್ತದೆ, ಕ್ರಮವಾಗಿ ಕಾಯಿ ಬಿಡುವುದನ್ನು ಮರೆಯುತ್ತದೆ. ಆದ್ದರಿಂದ ಪ್ರಕೃತಿ ಕೊಡದ ಚಳಿಗಾಲವನ್ನು ರೈತ ಕತ್ತರಿಯಿಂದ ತರಬೇಕಾಗಿದೆ.

ಏಪ್ರಿಲ್‌ನಲ್ಲಿ, ಹಣ್ಣು ಕಿತ್ತು ಮುಗಿದ ಮೇಲೆ, ಹಸಿರಾಗಿ ನಿಂತ ಬಳ್ಳಿಯನ್ನು ಒಂದೆರಡು ಕಣ್ಣು ಉಳಿಸಿ ಬೋಳು ಮಾಡುತ್ತಾರೆ. ದಾರಿಹೋಕನೊಬ್ಬ ಇದನ್ನು ಕಂಡರೆ, “ಯಾಕಪ್ಪಾ, ಇಷ್ಟು ಚೆನ್ನಾಗಿರುವುದನ್ನು ಕಡಿದುಹಾಕುತ್ತಿದ್ದೀಯೆ?” ಎಂದು ಮರುಗದೆ ಇರಲಾರ. ಬೇಸಗೆಯ ಬೆಳಕಿನಲ್ಲಿ ಹೊಸ ಕಡ್ಡಿಗಳು ಬೆಳೆದು, ಮುಂದಿನ ಗೊಂಚಲುಗಳು ಅವುಗಳ ಕಣ್ಣಿನೊಳಗೆ ಗುಟ್ಟಾಗಿ ರೂಪುಗೊಳ್ಳುತ್ತವೆ. ಮಳೆಗಾಲದುದ್ದಕ್ಕೂ ಬಳ್ಳಿ ಬರಿದಾಗಿಯೇ ಕಾಯುತ್ತದೆ. ಆ ತೇವದಲ್ಲಿ ಹಣ್ಣಿದ್ದರೆ ಬೂಜುರೋಗಕ್ಕೆ ಔತಣವಾದೀತು. ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಎರಡನೆಯ ಕತ್ತರಿ. ಈ ಸಲ ಕಡ್ಡಿಯನ್ನು ತುಸು ಉದ್ದವಾಗಿ ಬಿಡುತ್ತಾರೆ. ಗುಟ್ಟು ಹೊರಬಿದ್ದು ಹೂವಾಗಿ, ಒಣಹವೆಯಲ್ಲಿ ಕಾಯಾಗಿ, ಫೆಬ್ರವರಿ ಮಾರ್ಚ್ ಹೊತ್ತಿಗೆ ಹಣ್ಣಾಗುತ್ತದೆ. ಕತ್ತರಿ ಹದಿನೈದು ದಿನ ಹಿಂದುಮುಂದಾದರೆ ಹೂವಿನ ಮೇಲೆ ಮಳೆ ಸುರಿದೀತು, ಇಲ್ಲವೆ ಹಣ್ಣಿನ ಮೇಲೆ ಬೇಸಗೆ ಎರಗೀತು.

1988ರಲ್ಲಿ ಕನ್ವಲ್ ಗ್ರೋವರ್ ಅವರು ಈ ತಪ್ಪಲಿನಲ್ಲಿ ಫ್ರೆಂಚ್ ತಳಿಗಳ ತೋಟವನ್ನು ಕಟ್ಟಿದಾಗ, ನೆರೆಯ ರೈತರಿಗೆ ಹೊಸ ನೋಟವೊಂದು ಕಂಡಿತು. ಇವರ ಬೆಂಗಳೂರು ನೀಲಿ ಕಲ್ಲುಕಂಬಗಳ ಮೇಲಿನ ಚಪ್ಪರದಲ್ಲಿ ಹಬ್ಬಿ, ಗೊಂಚಲುಗಳನ್ನು ನೆರಳಿಗೆ ಇಳಿಬಿಡುತ್ತದೆ. ವೈನಿನ ದ್ರಾಕ್ಷಿಯನ್ನು ಸಾಲುಸಾಲಾಗಿ ತಂತಿಗೆ ಕಟ್ಟಿ, ಗಾಳಿ ಬೆಳಕು ಆಡುವಂತೆ ಎಲೆ ಸವರಿ, ಬಿಟ್ಟ ಗೊಂಚಲುಗಳಲ್ಲಿಯೂ ಹಲವನ್ನು ಹಸಿಯಾಗಿಯೇ ಕಿತ್ತೆಸೆಯುತ್ತಾರೆ. ಉಳಿದವಕ್ಕೆ ರಸ ಗಟ್ಟಿಯಾಗಲೆಂದು ಈ ಬಲಿ.

ಇಲ್ಲಿಯೇ ಬೆಳೆಗಾರನ ಧರ್ಮಸಂಕಟವಿರುವುದು. ಸಂತೆಯ ತಕ್ಕಡಿಗೆ ತೂಕ ತಿಳಿಯುತ್ತದೆ, ರುಚಿ ತಿಳಿಯುವುದಿಲ್ಲ. ಕಿಲೋ ಲೆಕ್ಕದಲ್ಲಿ ಹಣ ಬರುವಾಗ, ಬ್ಯಾಂಕಿನ ಸಾಲ ತಲೆಯ ಮೇಲಿರುವಾಗ, ಕಾಯಾದ ಗೊಂಚಲನ್ನು ಕೈಯಾರೆ ಕಿತ್ತೆಸೆಯೆಂದರೆ ಯಾವ ರೈತನ ಕೈ ಏಳುತ್ತದೆ? 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಹೊರಡಿಸಿತು. ನೀತಿ ದಾರಿ ತೆರೆಯಬಹುದು. ಕಿತ್ತೆಸೆದ ಗೊಂಚಲಿನ ನಷ್ಟವನ್ನು ಉಳಿದ ಗೊಂಚಲಿನ ಬೆಲೆ ತುಂಬಿಕೊಟ್ಟಾಗಲೇ ಆ ದಾರಿಯಲ್ಲಿ ನಡೆಯುವ ಧೈರ್ಯ ಬಂದೀತು. ಇದರ ಮೇಲೆ ನೀರಿನ ಚಿಂತೆ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ಕೊಳವೆಬಾವಿಗಳು ಸಾವಿರ ಅಡಿಯ ಆಚೆಗೂ ಇಳಿದಿವೆ. ಮಿತವಾದ ನೀರು ದ್ರಾಕ್ಷಿಗೆ ಗುಣ ತಂದೀತು. ನೀರೇ ಇಲ್ಲದ ನೆಲ ಯಾವ ಗುಣವನ್ನು ತಂದೀತು?

ಮಣ್ಣು ದೇವರದು, ತಂಪು ಬೆಟ್ಟದ್ದು. ಕತ್ತರಿ ಮಾತ್ರ ಮನುಷ್ಯನದು. ಏಪ್ರಿಲ್ಲಿನ ಬಿಸಿಲಿನಲ್ಲಿ ಬೋಳಾಗಿ ನಿಂತ ಬಳ್ಳಿಯ ಮುಂದೆ ಬೆವರೊರೆಸಿಕೊಳ್ಳುವ ರೈತನಿಗೆ, ತಾನು ಕಡಿದದ್ದು ಬಳ್ಳಿಯನ್ನಲ್ಲ, ತನ್ನ ಆಸೆಯ ಒಂದು ಪಾಲನ್ನು ಎಂಬುದು ಗೊತ್ತು. ಇನ್ನು ಆ ನರಿ! ಹುಳಿಯೆಂದು ಅದು ಜರಿದ ಹಣ್ಣಿನಲ್ಲಿ ನಿಜಕ್ಕೂ ಹದವಾದ ಹುಳಿಯಿದ್ದಿದ್ದರೆ, ವೈನ್ ಮಾಡುವವನು ಏಣಿ ತಂದಾದರೂ ಅದನ್ನು ಇಳಿಸಿಕೊಳ್ಳುತ್ತಿದ್ದ.