ಅರ್ಧ ಗಂಟೆಗೊಮ್ಮೆ

ನನ್ನ ಕಂಪ್ಯೂಟರಿಗೆ ಜೋಡಿಸಿದ ಹಾರ್ಡ್ ಡಿಸ್ಕಿನಲ್ಲಿರುವುದು ಅಪ್ಪ ಅರ್ಥ ಹೇಳಿದ ತಾಳಮದ್ದಳೆಗಳು, ಹಳೆಯ ಕ್ಯಾಸೆಟ್‌ಗಳಿಂದ ಇಳಿಸಿಕೊಂಡವು. ಯಾರೂ ಮುಟ್ಟದಿದ್ದರೆ ಹತ್ತು ನಿಮಿಷದಲ್ಲಿ ಮಲಗಲಿ ಎಂದು, ಡಿಸ್ಕಿನ ಸೆಟ್ಟಿಂಗ್ ಬದಲಿಸುವ ಎಚ್‌ಡಿಪಾರ್ಮ್‌ನಲ್ಲಿ ಹೇಳಿಟ್ಟಿದ್ದೆ. ಮಲಗುತ್ತಿತ್ತು; ಸ್ವಲ್ಪ ಹೊತ್ತಿಗೆ ಗುಂಯ್ ಎಂದು ಏಳುತ್ತಿತ್ತು. ಎದ್ದಾಗಲೆಲ್ಲ ನಿಂತ ತಟ್ಟೆ ನಿಮಿಷಕ್ಕೆ 5400 ಸುತ್ತಿನ ವೇಗಕ್ಕೆ ಬರಬೇಕು. ಹಾಗೆ ನಿಂತು ಹೊರಡುವುದೂ ಸವೆತವೇ.

ಮೊದಲ ಗುಮಾನಿ, ಹುಡುಕಲೆಂದು ಫೈಲುಗಳ ಪಟ್ಟಿ ಮಾಡಿಡುವ ಇಂಡೆಕ್ಸರ್ ಮೇಲೆ. ಅದನ್ನು ನಿಲ್ಲಿಸಿದರೂ ಸದ್ದು ನಿಲ್ಲಲಿಲ್ಲ. ಯಾವ ಪ್ರೋಗ್ರಾಂ ಯಾವ ಫೈಲ್ ಮುಟ್ಟಿತೆಂದು ಸಾಲುಸಾಲಾಗಿ ತೋರಿಸುವ ಫ್ಯಾಟ್ರೇಸ್ ಓಡಿಸಿಟ್ಟು ಕೂತೆ. ಡಿಸ್ಕ್ ಎದ್ದಿತು, ಪರದೆಯ ಮೇಲೆ ಅದರ ಹೆಸರಿನ ಒಂದು ಸಾಲೂ ಬರಲಿಲ್ಲ. ಕೊನೆಗೆ ಕೇಬಲ್ ಹಾಗೇ ಬಿಟ್ಟು, ಫೈಲುಗಳ ದಾರಿ ಮುಚ್ಚುವಂತೆ ಅನ್‌ಮೌಂಟ್ ಮಾಡಿದೆ. ಆಗಲೂ ಎದ್ದಿತು! ಅಂದಮೇಲೆ ಫೈಲ್ ಬೇಕೆಂದು ಯಾರೂ ಬರುತ್ತಿಲ್ಲ, ಡಿಸ್ಕನ್ನೇ ನೇರವಾಗಿ ಮಾತಾಡಿಸುತ್ತಿದ್ದಾರೆ. ಗಡಿಯಾರ ನೋಡಿದೆ, ಸರಿಯಾಗಿ ಅರ್ಧ ಗಂಟೆಗೊಮ್ಮೆ. ಸ್ಮಾರ್ಟ್‌ಡಿ ತಾನಾಗಿ ಇಟ್ಟುಕೊಳ್ಳುವ ಅವಧಿ 1800 ಸೆಕೆಂಡು. ಡಿಸ್ಕಿನ ಆರೋಗ್ಯ ವಿಚಾರಿಸಲೆಂದೇ ನಾನು ಹಾಕಿಕೊಂಡ ಪ್ರೋಗ್ರಾಂ ಅದು.

ನನಗೆ ಜೀವವಾದದ್ದರ ಹತ್ತಿರ ನಾನು ಹೀಗೇ. ಅಮ್ಮನಿಗೆ ಎಂಬತ್ತು ದಾಟಿದ ಮೇಲೆ ರಾತ್ರಿ ಅವಳ ಕೋಣೆಗೆ ಹೋಗಿ, ಹೊದಿಕೆ ಏರಿಳಿಯುತ್ತಿದೆಯೇ ಎಂದು ನೋಡುತ್ತೇನೆ. ಬಾಗಿಲು ಕಿರುಗುಟ್ಟಿದ್ದಕ್ಕೆ ಅವಳಿಗೆ ಎಚ್ಚರ. "ಎಂತದಾ, ನಿದ್ದೆ ಬರ್ಲಿಲ್ವಾ ನಿಂಗೆ?" ನೀರು ಕುಡಿಯಲು ಎದ್ದೆ ಎನ್ನುತ್ತೇನೆ. ನೋಡಿ ಬಂದ ಮೇಲೆ ನನಗೆ ನಿದ್ದೆ ಹತ್ತುತ್ತದೆ, ಅವಳದು ಹೋಗಿರುತ್ತದೆ.

ನೋಡಿದ ಮಾತ್ರಕ್ಕೆ ಕಾಪಾಡಿದ ಹಾಗಾಯಿತೇ? ಗೂಗಲ್‌ನ ಸಂಶೋಧಕರು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಲೆಕ್ಕವನ್ನು 2007ರಲ್ಲಿ ಪ್ರಕಟಿಸಿದರು. ಕೆಟ್ಟವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಇಂಥ ವಿಚಾರಣೆಯಲ್ಲಿ ಸಿಗುವ ನಾಲ್ಕು ಮುಖ್ಯ ಮುನ್ಸೂಚನೆಗಳಲ್ಲಿ ಒಂದನ್ನೂ ಕೊಟ್ಟಿರಲಿಲ್ಲ. ಅಪ್ಪನ ದನಿ ಉಳಿದರೆ ತಂಗಿಯ ಮನೆಯಲ್ಲಿಟ್ಟ ನಕಲಿನಿಂದ ಉಳಿದೀತು. ಈ ವಿಚಾರಣೆಯಿಂದ ಸಮಾಧಾನ ಆಗುತ್ತಿದ್ದದ್ದು ನನ್ನ ಭಯಕ್ಕೆ ಮಾತ್ರ. ಇದು ಗೊತ್ತಾದ ಮೇಲೂ ಭಯ ಕಡಿಮೆಯಾಗಿಲ್ಲ ಎಂಬುದನ್ನೂ ಹೇಳಬೇಕು.

ಡಿಸ್ಕ್ ಮಲಗಿದ್ದರೆ ಎಬ್ಬಿಸಬೇಡ ಎಂದು ಸ್ಮಾರ್ಟ್‌ಡಿಗೆ ಹೇಳಬಹುದು. ಸತತವಾಗಿ ಎಷ್ಟು ಸರದಿ ಬಿಟ್ಟ ಮೇಲೆ ಎಬ್ಬಿಸಿಯಾದರೂ ನೋಡಬೇಕು ಎಂಬ ಸಂಖ್ಯೆಯನ್ನೂ ಕೊಡಬಹುದು. ಕೊಡದೆಯೂ ಇರಬಹುದು, ನನಗೆ ಅಷ್ಟು ಧೈರ್ಯ ಬರಲಿಲ್ಲ. 48 ಎಂದು ಬರೆದೆ, ಹೆಚ್ಚುಕಡಿಮೆ ದಿನಕ್ಕೊಮ್ಮೆ. ಅಮ್ಮನ ಕೋಣೆಯ ಬಾಗಿಲಿಗೆ ಎಣ್ಣೆ ಬಿಟ್ಟಿದ್ದೇನೆ; ಹೋಗುವುದನ್ನು ಬಿಟ್ಟಿಲ್ಲ.