ಎದೆಗೆ ಚುಚ್ಚದ ಸ್ಟೇರಿಂಗ್

ಶಿರಾಡಿ ಘಾಟಿಯ ತಿರುವಿನಲ್ಲಿ ನಮ್ಮ ಅಣ್ಣನ ಲಾರಿ ಮರಕ್ಕೆ ಡಿಕ್ಕಿ ಹೊಡೆದಾಗ ಅವನ ಎದೆಗೂಡು ಮುರಿದದ್ದು ಮರದಿಂದಲ್ಲ, ಅಷ್ಟು ವರ್ಷ ಅನ್ನ ಕೊಟ್ಟ ಸ್ಟೇರಿಂಗ್‌ನಿಂದ. ಆ ರಾತ್ರಿಯಿಡೀ ಉಮ್ಮ ಮುಸಲ್ಲಾದಿಂದ ಏಳಲಿಲ್ಲ. ಅಣ್ಣ ಬದುಕಿಕೊಂಡ. ಆದರೆ ನಾಲ್ಕು ಮೆಟ್ಟಿಲು ಹತ್ತಿದರೆ ಈಗಲೂ ಏದುಸಿರು. ನೋಡಲು ಬಂದವರೆಲ್ಲ 'ಹಣೆಬರಹ' ಎಂದು ಹೇಳಿ ಹೋದರು. ನಾವೂ ಹಾಗೆಯೇ ನಂಬಿದ್ದೆವು.

ಎಷ್ಟೋ ವರ್ಷಗಳ ನಂತರ ಇಟಲಿಯ ಒಂದು ಪ್ರಯೋಗದ ಕಾರಿನ ಬಗ್ಗೆ ಓದಿದಾಗ ಆ ನಂಬಿಕೆ ಅಲುಗಾಡಿತು. ಅದರ ಹೆಸರು ಸಿಗ್ಮಾ. 1963ರಲ್ಲಿ ತೂರಿನ್ ನಗರದ ಪಿನಿನ್‌ಫರೀನಾ ವಿನ್ಯಾಸ ಸಂಸ್ಥೆ ಅದನ್ನು ರೂಪಿಸಿತ್ತು. ವೇಗಕ್ಕಾಗಿ ಅಲ್ಲ, ಮಾರಾಟಕ್ಕಾಗಿಯೂ ಅಲ್ಲ. ಅಪಘಾತವಾದಾಗ ಒಳಗಿರುವ ಮನುಷ್ಯ ಉಳಿಯಬೇಕು ಎಂಬ ಒಂದೇ ಯೋಚನೆಗಾಗಿ. ಕುಳಿತುಕೊಳ್ಳುವ ಭಾಗ ಗಟ್ಟಿ ಪೆಟ್ಟಿಗೆಯಂತೆ. ಮುಂದಿನ ಮತ್ತು ಹಿಂದಿನ ಭಾಗ ಹೊಡೆತವನ್ನು ತಾವೇ ನುಂಗಿ ನಜ್ಜುಗುಜ್ಜಾಗುವಂತೆ. ಪಕ್ಕಕ್ಕೆ ಜಾರುವ ಬಾಗಿಲುಗಳು, ಮೊನೆಗಳಿಲ್ಲದ ಮೆತ್ತನೆಯ ಒಳಮೈ, ಸೀಟು ಪಟ್ಟಿಗಳು. ಇವೆಲ್ಲಕ್ಕಿಂತ ನಮ್ಮ ಕಣ್ಣು ನಿಂತದ್ದು ಚಾಲಕನ ಎದೆಗೆ ಈಟಿಯಂತೆ ನುಗ್ಗದ ಹಾಗೆ ಯೋಚಿಸಿ ಮಾಡಿದ ಸ್ಟೇರಿಂಗ್ ದಂಡದ ಮೇಲೆ.

ಈ ಸಂಸ್ಥೆ ಹೆಸರು ಮಾಡಿದ್ದು ಚೆಲುವಿಗೆ. 1930ರಲ್ಲಿ ಇದನ್ನು ಕಟ್ಟಿದ ಬತ್ತಿಸ್ತಾ ಫರೀನಾ ಹನ್ನೊಂದು ಮಕ್ಕಳಲ್ಲಿ ಹತ್ತನೆಯವರು. 'ಪಿನಿನ್' ಮನೆಯವರು ಕರೆಯುತ್ತಿದ್ದ ಮುದ್ದಿನ ಹೆಸರು. 1961ರಲ್ಲಿ ಆ ಮುದ್ದಿನ ಹೆಸರೂ ಸೇರಿ ಕುಟುಂಬದ ಅಧಿಕೃತ ಹೆಸರೇ ಪಿನಿನ್‌ಫರೀನಾ ಆಯಿತು. ಇವರು ರೂಪಿಸಿದ ಚಿಸಿತಾಲಿಯಾ ಎಂಬ ಕಾರನ್ನು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 1951ರಲ್ಲಿ ಶಿಲ್ಪದಂತೆ ಪ್ರದರ್ಶಿಸಿತು. ಫೆರಾರಿಗಳ ಅಂದದ ಹಿಂದೆಯೂ ಇವರದೇ ಕೈ.

1969ರಲ್ಲಿ ಇದೇ ಹೆಸರಿನ ರೇಸ್ ಕಾರೊಂದು ಬಂತು. ಓಟದ ಚಾಲಕರು ಬೆಂಕಿಗೆ ಸಿಕ್ಕಿ ಸಾಯುತ್ತಿದ್ದ ಕಾಲ ಅದು. ಆ ಕಾರಿನೊಳಗೆ ಬೆಂಕಿ ನಂದಿಸುವ ವ್ಯವಸ್ಥೆಯನ್ನೇ ಅಳವಡಿಸಿದ್ದರು. ಅದನ್ನು ಬಿಡಿಸಿದ ಪಾವ್ಲೊ ಮಾರ್ತಿನ್ ಅವರೇ ಮರುವರ್ಷ ಮೊದುಲೊ ಎಂಬ ಇನ್ನೊಂದು ಕಾರು ಬಿಡಿಸಿದರು. ಎತ್ತರ ಒಂದು ಮೀಟರಿಗೂ ಕಡಿಮೆ, ಹಾರುವ ತಟ್ಟೆಯಂಥ ರೂಪ. ಒಳಗೆ ಹೋಗಬೇಕಾದರೆ ಗಾಜಿನ ಮೇಲ್ಛಾವಣಿಯನ್ನೇ ಮುಂದಕ್ಕೆ ಸರಿಸಬೇಕು. ಜಗತ್ತು ಬೆರಗಾದದ್ದು ಇದಕ್ಕೆ. ಇಂದಿಗೂ ಜನ ಇದರ ಚಿತ್ರ ನೋಡುತ್ತಾರೆ. ಸಿಗ್ಮಾವನ್ನು ನೆನೆಯುವವರು ಕಡಿಮೆ. ಅದು ಕಾರ್ಖಾನೆಯ ಸಾಲಿಗೆ ಬರಲೇ ಇಲ್ಲ.

ಬೆರಗು ತಪ್ಪೆಂದು ನಾವು ಹೇಳುತ್ತಿಲ್ಲ. ಚೆಲುವೂ ದೇವರ ಕೊಡುಗೆಯೇ. ಆದರೆ ಕಣ್ಣಿಗೆ ಕಾಣುವ ಅಂದಕ್ಕೆ ದುಡ್ಡು ಕೊಡುವ ನಾವು, ಕಣ್ಣಿಗೆ ಕಾಣದ ಸುರಕ್ಷತೆಗೆ ಚೌಕಾಸಿ ಮಾಡುತ್ತೇವೆ. 2014ರಲ್ಲಿ ಭಾರತದ ಕೆಲವು ಜನಪ್ರಿಯ ಸಣ್ಣ ಕಾರುಗಳಿಗೆ ಡಿಕ್ಕಿ ಪರೀಕ್ಷೆಯಲ್ಲಿ ಒಂದು ನಕ್ಷತ್ರವೂ ಸಿಗಲಿಲ್ಲ. ಮರುವರ್ಷವೇ ನಮ್ಮ ಮಹೀಂದ್ರಾ ಸಮೂಹ ಪಿನಿನ್‌ಫರೀನಾವನ್ನು ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ನಮ್ಮದೇ ಆದ ಸುರಕ್ಷತಾ ಪರೀಕ್ಷೆ ಶುರುವಾದದ್ದು 2023ರಲ್ಲಿ.

ಒಂಟೆಯನ್ನು ಕಟ್ಟಿದ ಮೇಲೆ ದೇವರ ಮೇಲೆ ಭಾರ ಹಾಕಬೇಕೆಂದು ಮದ್ರಸದಲ್ಲಿ ನಮಗೆ ಕಲಿಸಿದ್ದರು. ಕಟ್ಟದೆ ಬಿಟ್ಟು ಹಣೆಬರಹವನ್ನು ದೂರುವುದು ನಾವಾಗಿಯೇ ಕಲಿತದ್ದು.

ಸಿಗ್ಮಾದ ಕಥೆಯನ್ನು ಅಣ್ಣನಿಗೆ ಹೇಳಿದೆವು. ಅವನು ಎದೆ ಸವರಿಕೊಳ್ಳುತ್ತಾ, "ಅರವತ್ತಮೂರರಲ್ಲೇ ಗೊತ್ತಿತ್ತಾ?" ಎಂದು ಕೇಳಿದ. ನಾವು ತಲೆ ತಗ್ಗಿಸಿದೆವು.